ಬಾಸಿಲ–ಕ್ರಿಸೊಸ್ಟೊಮರ ಪ್ರವಚನಗಳಲ್ಲಿ ದಾನತತ್ತ್ವ

೧

ದರಿದ್ರರಿಗೆ ಕೊಡುವುದೂ ಅವರ ಶುಶ್ರೂಷೆ ಮಾಡುವುದೂ ಕ್ರೈಸ್ತಮತವು ತನ್ನ ಅನುಯಾಯಿಗಳಿಗೆ ವಿಧಿಸಿರುವ ಮುಖ್ಯ ಕರ್ತವ್ಯಗಳೆಂಬುದು ಸುವಿದಿತವಾದ ಸಂಗತಿ. ಈ ವಿಷಯವನ್ನು ಮತತತ್ತ್ವದ ದೃಷ್ಟಿಯಿಂದಲೂ ಚರಿತ್ರೆಯ ದೃಷ್ಟಿಯಿಂದಲೂ ವಿಚಾರಮಾಡಿದ ಗ್ರಂಥಗಳು ಹೇರಳವಾಗಿವೆ. ಆದರೆ ಆ ಕರ್ತವ್ಯವನ್ನು ಜನರ ಹೃದಯಕ್ಕೆ ಮುಟ್ಟಿಸುವುದಕ್ಕಾಗಿಯೇ ಹುಟ್ಟಿದ ಪ್ರವಚನಗಳನ್ನು ವಾಙ್ಮಯವೆಂದು ಭಾವಿಸಿ, ಅವುಗಳ ರಸವೇನು, ಅಲಂಕಾರವೇನು, ನಾಯಕನಾರು ಎಂದು ಕೇಳುವ ಪದ್ಧತಿ ನಮ್ಮಲ್ಲಿ ವಿರಳ. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಮಾತನಾಡಿದ ಇಬ್ಬರು ಉಪದೇಶಕರ, ಎಂದರೆ ಕಪ್ಪದೋಕ್ಯ ದೇಶದ ಕೈಸರಿಯದ ಬಾಸಿಲನ ಮತ್ತು ಅಂತಿಯೋಕ್ಯದ ಯೋಹಾನ ಕ್ರಿಸೊಸ್ಟೊಮನ, ಕೆಲವು ಪ್ರವಚನಗಳನ್ನು ಆ ರೀತಿಯಲ್ಲಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಇವರಿಬ್ಬರೂ ಕೇವಲ ಮತಬೋಧಕರಲ್ಲ, ಶಾಸ್ತ್ರೋಕ್ತವಾಗಿ ವಾಗ್ಮಿತೆಯನ್ನು ಅಭ್ಯಾಸಮಾಡಿದವರು. ಬಾಸಿಲನು ಅಥೇನೆ ನಗರದಲ್ಲಿ ವ್ಯಾಸಂಗಮಾಡಿ ೩೭೦ರಲ್ಲಿ ಕೈಸರಿಯದ ಬಿಷಪ್ ಪದವಿಗೆ ಬಂದನು. ಕ್ರಿಸೊಸ್ಟೊಮನು ಲಿಬಾನಿಯಸ್ ಎಂಬ ಪ್ರಖ್ಯಾತ ವಾಗ್ಮಿಯ ಶಿಷ್ಯನೆಂದು ಪ್ರಸಿದ್ಧಿ. ೩೮೬ರಲ್ಲಿ ಅಂತಿಯೋಕ್ಯದಲ್ಲಿ ಗುರುಪದವಿಯನ್ನೂ ೩೯೮ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಪದವಿಯನ್ನೂ ಪಡೆದು, ೪೦೭ರಲ್ಲಿ ದೇಶಭ್ರಷ್ಟನಾಗಿಯೇ ಮೃತನಾದನು. ಕ್ರಿಸೊಸ್ಟೊಮ ಎಂಬುದು ಅವನ ಬಿರುದು. ಅದರ ಅರ್ಥ ‘ಸುವರ್ಣಮುಖ’ ಎಂದು. ಭಾಷಾಂತರದ ಮೂಲಕ ಇವರನ್ನು ಓದುವವರಿಗೆ ಶಬ್ದಾಲಂಕಾರಗಳ ಸೊಗಸು ದೊರೆಯದೆಂಬುದು ನಿಜ. ಆದರೆ ಅರ್ಥಾಲಂಕಾರಗಳೂ ಕಥಾಸಂವಿಧಾನವೂ ರಸದೃಷ್ಟಿಯೂ ಭಾಷಾಂತರದಲ್ಲಿ ಉಳಿದುಬರುವಂಥವು. ಪ್ರಕೃತ ವಿಚಾರಕ್ಕೆ ಅಷ್ಟು ಸಾಕು.

ಪ್ರಶ್ನೆಯನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ದಾನವನ್ನು ಕುರಿತ ಯಾವ ಕೃತಿಯಲ್ಲಿಯೇ ಆಗಲಿ ಇಬ್ಬರು ಪಾತ್ರಧಾರಿಗಳಿರುತ್ತಾರೆ: ಕೊಡುವವನೊಬ್ಬ, ಪಡೆಯುವವನೊಬ್ಬ. ಇವರಲ್ಲಿ ಕೃತಿಯು ಯಾರದು? ಕೊಡುವವನದಾದರೆ ಅದು ದಾತೃವಿನ ಸ್ತುತಿಯಾಗುತ್ತದೆ, ದರಿದ್ರನು ಆ ಸ್ತುತಿಗೆ ಬೇಕಾದ ಉಪಕರಣವಾಗುತ್ತಾನೆ. ಪಡೆಯುವವನದಾದರೆ ಅದು ದಾತೃವಿನ ಮೇಲಣ ಅಭಿಯೋಗವಾಗುತ್ತದೆ. ಈ ಉಪದೇಶಕರು ಎರಡರ ನಡುವೆ ಎಲ್ಲಿ ನಿಂತರು, ಎಲ್ಲಿ ತಪ್ಪಿದರು ಎಂಬುದೇ ವಿಚಾರ್ಯ ವಿಷಯ.

೨

ಎರಡು ಬೀಜವಾಕ್ಯಗಳಿಂದ ಈ ವಾಙ್ಮಯವೆಲ್ಲವೂ ಬೆಳೆದಿದೆ. ಮೊದಲನೆಯದು ಲೂಕನ ಸುವಾರ್ತೆಯ ೧೬ನೆಯ ಅಧ್ಯಾಯದಲ್ಲಿರುವ ಲಾಜರನ ದೃಷ್ಟಾಂತ. ಧೂಮ್ರವರ್ಣದ ವಸ್ತ್ರವನ್ನೂ ನಯವಾದ ನಾರುಮಡಿಯನ್ನೂ ಉಟ್ಟು ದಿನದಿನವೂ ಔತಣಮಾಡುವ ಒಬ್ಬ ಐಶ್ವರ್ಯವಂತ. ಅವನ ಬಾಗಿಲಲ್ಲಿ ಹುಣ್ಣುಗಳಿಂದ ತುಂಬಿ ಬಿದ್ದಿರುವ ಲಾಜರ. ಆ ಹುಣ್ಣುಗಳನ್ನು ನೆಕ್ಕುವ ನಾಯಿಗಳು. ಇಬ್ಬರೂ ಸಾಯುತ್ತಾರೆ. ಲಾಜರನು ಅಬ್ರಹಾಮನ ಎದೆಗೆ ಸೇರುತ್ತಾನೆ. ಧನಿಕನು ಪಾತಾಳದಲ್ಲಿ ಯಾತನೆಪಡುತ್ತ ಒಂದು ತೊಟ್ಟು ನೀರಿಗಾಗಿ ಬೇಡುತ್ತಾನೆ. ನಡುವೆ ದಾಟಲಾಗದ ಕಂದಕವಿದೆ.

ಈ ಪುಟ್ಟ ಕಥೆಯ ಸಂವಿಧಾನದಲ್ಲಿ ನಾಲ್ಕು ವಿಶೇಷಗಳುಂಟು. ಒಂದು: ಧನಿಕನಿಗೆ ಹೆಸರಿಲ್ಲ, ಭಿಕ್ಷುಕನಿಗೆ ಹೆಸರಿದೆ. ಯೇಸುವಿನ ದೃಷ್ಟಾಂತಗಳೊಳಗೆ ಕಥಾಪಾತ್ರವೊಂದಕ್ಕೆ ಹೆಸರಿರುವುದು ಇಲ್ಲಿ ಮಾತ್ರ. ಆ ಹೆಸರಿನ ಅರ್ಥ ‘ದೇವರು ಸಹಾಯಮಾಡಿದನು’ ಎಂದು. ಲೋಕದಲ್ಲಿ ಧನಿಕನ ಹೆಸರು ಎಲ್ಲರಿಗೂ ಗೊತ್ತು, ಭಿಕ್ಷುಕನದು ಯಾರಿಗೂ ಬೇಡ. ಕಥೆಯು ಆ ವ್ಯವಸ್ಥೆಯನ್ನು ತಲೆಕೆಳಗುಮಾಡಿದೆ. ಎರಡು: ಧನಿಕನು ಕದ್ದನೆಂದಾಗಲಿ, ಹೊಡೆದನೆಂದಾಗಲಿ, ಬಾಗಿಲಿನಿಂದ ಓಡಿಸಿದನೆಂದಾಗಲಿ ಎಲ್ಲಿಯೂ ಹೇಳಿಲ್ಲ. ಅವನ ಅಪರಾಧ ಕೃತದಲ್ಲಿಲ್ಲ, ಅಕೃತದಲ್ಲಿದೆ. ಮೂರು: ಬಾಗಿಲು. ಭೂಮಿಯ ಮೇಲೆ ಇಬ್ಬರ ನಡುವೆ ಇದ್ದದ್ದು ತೆರೆಯಬಹುದಾಗಿದ್ದ ಒಂದು ಬಾಗಿಲು; ಪರಲೋಕದಲ್ಲಿ ಅದೇ ದಾಟಬಾರದ ಕಂದಕವಾಯಿತು. ಹೀಗೆಂದು ಕಥೆಯು ವಾಚ್ಯವಾಗಿ ಹೇಳುವುದಿಲ್ಲ, ಇದು ಧ್ವನಿ. ನಾಲ್ಕು: ಲಾಜರನು ಕಥೆಯ ಆದಿಯಿಂದ ಅಂತ್ಯದವರೆಗೆ ಒಂದು ಮಾತನ್ನೂ ಆಡುವುದಿಲ್ಲ. ಈ ಮೌನವನ್ನು ವ್ಯಾಖ್ಯಾತೃಗಳು ಹೇಗೆ ಬಳಸಿಕೊಂಡರೆಂಬುದನ್ನು ಮುಂದೆ ನೋಡುವೆವು.

ಎರಡನೆಯ ಬೀಜ ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದ ಅಂತ್ಯನಿರ್ಣಯದ ವರ್ಣನೆ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರು, ಈ ಆರು ವಿಧದ ದೀನರಿಗೆ ಮಾಡಿದ್ದನ್ನು ನ್ಯಾಯಾಧೀಶನಾದ ಕ್ರಿಸ್ತನು ತನಗೇ ಮಾಡಿದ್ದೆಂದು ಎಣಿಸುತ್ತಾನೆ. ಸತ್ತವರನ್ನು ಹೂಳುವುದನ್ನು ಏಳನೆಯದಾಗಿ ಸೇರಿಸಿದವರು ಅನಂತರದವರು. ಇಲ್ಲಿ ಗಮನಿಸಬೇಕಾದುದು ಇಷ್ಟು: ಕೊಟ್ಟ ಸಜ್ಜನರೂ ಕೊಡದ ದುರ್ಜನರೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ, ನಿನ್ನನ್ನು ನಾವು ಯಾವಾಗ ಕಂಡೆವು ಎಂದು. ಆದುದರಿಂದ ಪುಣ್ಯವಂತರಿಗೂ ತಾವು ದೇವರಿಗೆ ಕೊಡುತ್ತಿದ್ದೇವೆಂಬ ಅರಿವಿರಲಿಲ್ಲ. ಅವರು ಹಸಿದವನಿಗೆ ಕೊಟ್ಟರು, ಅಷ್ಟೆ. ಈ ಸೂಕ್ಷ್ಮವನ್ನು ಮರೆತವರು ಅನೇಕರು.

ಶಬ್ದವಿಚಾರವೂ ಇಲ್ಲಿ ಉಪಯುಕ್ತ. ಹೀಬ್ರೂ ಭಾಷೆಯ ‘ಸೆದಾಕಾ’ ಎಂಬ ಪದಕ್ಕೆ ಮೂಲಾರ್ಥ ನೀತಿ ಅಥವಾ ನ್ಯಾಯ; ಕಾಲಕ್ರಮದಲ್ಲಿ ಅದೇ ಪದ ಬಡವರಿಗೆ ಕೊಡುವ ಭಿಕ್ಷೆಗೂ ಸಂದಿತು. ಮತ್ತಾಯನ ೬ನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ ಪ್ರಾಚೀನತರ ಹಸ್ತಪ್ರತಿಗಳು ‘ನೀತಿ’ ಎಂಬ ಅರ್ಥದ ಗ್ರೀಕ್ ಪದವನ್ನೂ ಅರ್ವಾಚೀನ ಪ್ರತಿಗಳು ‘ಭಿಕ್ಷಾದಾನ’ ಎಂಬ ಅರ್ಥದ ಪದವನ್ನೂ ಓದುತ್ತವೆ. ಪಾಠಾಂತರಕ್ಕೆ ಕಾರಣ ಊಹಿಸಬಹುದಾದುದೇ: ಅರ್ಥವನ್ನು ಸ್ಪಷ್ಟಪಡಿಸಬೇಕೆಂದು ಲಿಪಿಕಾರರು ವಿಶಾಲವಾದ ಪದದ ಸ್ಥಾನದಲ್ಲಿ ಸಂಕುಚಿತವಾದುದನ್ನಿಟ್ಟರು. ಕನ್ನಡಿಗರಿಗೆ ಈ ಅರ್ಥಸಂಬಂಧವು ಹೊಸದಲ್ಲ. ನಮ್ಮ ಬೀದಿಗಳಲ್ಲಿ ಭಿಕ್ಷುಕನು ‘ಧರ್ಮ ಮಾಡಿ’ ಎಂದು ಕೂಗುತ್ತಾನೆಯೇ ಹೊರತು ‘ದಯೆ ಮಾಡಿ’ ಎಂದಷ್ಟೇ ಅಲ್ಲ. ಧರ್ಮವೆಂದರೆ ಮಾಡಲೇಬೇಕಾದುದು; ದಯೆ ಮನಸ್ಸು ಬಂದಾಗ ಮಾಡುವಂಥದು. ಭಿಕ್ಷುಕನ ಬಾಯಲ್ಲಿರುವ ಆ ಪದವು ಅವನ ಬೇಡಿಕೆಯನ್ನು ಹಕ್ಕಿಗೆ ಸಮೀಪವಾಗಿ ತರುತ್ತದೆ. ಬಾಸಿಲ ಕ್ರಿಸೊಸ್ಟೊಮರ ಸಮಗ್ರ ಪ್ರಯತ್ನವನ್ನು, ದಯೆಯೆಂದು ಜನರು ಭಾವಿಸಿದ್ದುದನ್ನು ಮರಳಿ ಧರ್ಮದ ಕಕ್ಷೆಗೆ ತರುವ ಪ್ರಯತ್ನವೆಂದು ವರ್ಣಿಸಬಹುದು.

೩

ಸುಮಾರು ೩೬೮–೩೬೯ರಲ್ಲಿ ಕಪ್ಪದೋಕ್ಯವನ್ನು ಘೋರವಾದ ಕ್ಷಾಮವು ಪೀಡಿಸಿತು. ಸಮುದ್ರದಿಂದ ದೂರವಾದ ಆ ದೇಶಕ್ಕೆ ಹೊರಗಿನಿಂದ ಧಾನ್ಯವನ್ನು ಸಾಗಿಸುವುದು ಕಷ್ಟ. ಧಾನ್ಯವುಳ್ಳವರು ಬೆಲೆಯೇರಲೆಂದು ಕಣಜಗಳನ್ನು ಮುಚ್ಚಿದರು. ಬಾಸಿಲನ ಪ್ರವಚನಗಳಲ್ಲಿ ಒಂದು ನೇರವಾಗಿ ಈ ಕ್ಷಾಮವನ್ನೇ ಕುರಿತದ್ದು. ಇನ್ನೊಂದು ಲೂಕನ ೧೨ನೆಯ ಅಧ್ಯಾಯದ ದೃಷ್ಟಾಂತವನ್ನು ಹಿಡಿದು, ಬೆಳೆ ಹೆಚ್ಚಿತೆಂದು ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಲು ಯೋಚಿಸಿ ಅದೇ ರಾತ್ರಿ ಸತ್ತ ಧನಿಕನ ಮೇಲೆ ಮಾಡಿದ್ದು.

ಕಣಜದ ಪ್ರವಚನವು ನಾವು ಕಂಡಂತೆ ಈ ವರ್ಗದ ಕೃತಿಗಳಲ್ಲಿ ಅತ್ಯಂತ ಸುಘಟಿತವಾದದ್ದು. ಧನಿಕನ ಚಿಂತೆಯಿಂದ ಬಾಸಿಲನು ಆರಂಭಿಸುತ್ತಾನೆ: ಏನು ಮಾಡಲಿ ಎಂದು ತೊಳಲುವ ಈ ಶ್ರೀಮಂತನ ಮಾತು ಕಡುಬಡವನ ಮಾತಿನಂತೆಯೇ ಇದೆಯಲ್ಲ ಎಂದು ತೋರಿಸುತ್ತಾನೆ. ಇಲ್ಲದವನು ಎಲ್ಲಿಂದ ತರಲಿ ಎಂದು ಚಿಂತಿಸುವಾಗ, ಇರುವವನು ಎಲ್ಲಿಡಲಿ ಎಂದು ಚಿಂತಿಸುತ್ತಾನೆ. ಪದಗಳು ಒಂದೇ, ಅವಸ್ಥೆಗಳು ವಿರುದ್ಧ. ವಿರೋಧಾಭಾಸವು ಇಲ್ಲಿ ಕೇವಲ ಚಮತ್ಕಾರವಲ್ಲ, ವಾದದ ಬೆನ್ನೆಲುಬು. ಕಣಜ ಬೇಕೆಂದರೆ ಬಡವರ ಹೊಟ್ಟೆಗಳೇ ಸಿದ್ಧವಾದ ಕಣಜಗಳು ಎಂಬ ಸಮಾಧಾನವು ಅದೇ ವಿರೋಧದಿಂದ ಸಹಜವಾಗಿ ಹೊರಡುತ್ತದೆ.

ಅನಂತರ ಬರುವುದು ತಂದೆಯ ಪ್ರಸಂಗ. ಮನೆಯಲ್ಲಿ ಏನೂ ಇಲ್ಲದ ಬಡವನೊಬ್ಬನು ಉಳಿದವರ ಪ್ರಾಣವನ್ನು ಉಳಿಸಲು ಮಕ್ಕಳಲ್ಲಿ ಒಬ್ಬನನ್ನು ಪೇಟೆಯಲ್ಲಿ ಮಾರಲೇಬೇಕಾಗಿದೆ. ಯಾರನ್ನು ಮಾರುವುದು? ಹಿರಿಯನನ್ನೆಂದರೆ ಅವನ ಜ್ಯೇಷ್ಠತ್ವಕ್ಕೆ ಮನಸ್ಸು ಅಂಜುತ್ತದೆ. ಕಿರಿಯನನ್ನೆಂದರೆ ಅವನ ಅರಿಯದ ವಯಸ್ಸು ಅಡ್ಡಬರುತ್ತದೆ. ಒಬ್ಬನಲ್ಲಿ ತಂದೆತಾಯಿಗಳ ರೂಪ, ಇನ್ನೊಬ್ಬನಲ್ಲಿ ಬುದ್ಧಿ. ಯಾರನ್ನೂ ಕೊಡದಿದ್ದರೆ ಎಲ್ಲರೂ ಸಾಯುವರು. ಹೀಗೆ ತರ್ಕಿಸಿ ತರ್ಕಿಸಿ ಕಡೆಗೆ ಅತ್ಯಂತ ಪ್ರಿಯನಾದವನನ್ನು ಕಣ್ಣೀರಿನೊಡನೆ ಕರೆತರುತ್ತಾನೆ. ಆಗ ಧಾನ್ಯದ ವ್ಯಾಪಾರಿಯು ಆ ಕಣ್ಣೀರಿಗೆ ಕರಗದೆ, ಹಸಿವೆಯನ್ನೇ ತಕ್ಕಡಿಯಾಗಿ ಮಾಡಿಕೊಂಡು ಬೆಲೆಯನ್ನು ಚೌಕಾಸಿಮಾಡುತ್ತಾನೆ.

ರಸಶಾಸ್ತ್ರದ ದೃಷ್ಟಿಯಿಂದ ಈ ಭಾಗವು ಪರೀಕ್ಷಾಯೋಗ್ಯ. ಮೇಲುನೋಟಕ್ಕೆ ಇದು ಕರುಣರಸ. ಆದರೆ ಕರುಣವು ಪರಿಪಾಕಕ್ಕೆ ಬರಬೇಕಾದರೆ ಸಹೃದಯನ ಚಿತ್ತ ಅದರಲ್ಲಿ ವಿಶ್ರಾಂತಿ ಪಡೆಯಬೇಕು. ಬಾಸಿಲನು ಆ ವಿಶ್ರಾಂತಿಯನ್ನು ಬೇಕೆಂದೇ ಕೊಡುವುದಿಲ್ಲ. ಶ್ರೋತೃವು ತಂದೆಯ ಪಕ್ಷದಲ್ಲಿ ನಿಂತು ಅಳಲು ಹೊರಟ ಕ್ಷಣದಲ್ಲಿಯೇ ಅವನನ್ನು ಹಿಡಿದು, ನೀನು ತಂದೆಯಲ್ಲ, ಕೊಳ್ಳುವವನು ನೀನೇ ಎಂದು ತೋರಿಸುತ್ತಾನೆ. ಎಂದರೆ ಶ್ರೋತೃವಿನ ಸಾಧಾರಣೀಕರಣ ಒಬ್ಬ ಪಾತ್ರದೊಡನೆ ಆಗುತ್ತಿರುವಾಗಲೇ ಅದನ್ನು ಮುರಿದು ಇನ್ನೊಬ್ಬ ಪಾತ್ರಕ್ಕೆ ಕಟ್ಟುತ್ತಾನೆ. ಕಾವ್ಯದಲ್ಲಿ ಇದು ರಸಭಂಗವೆನಿಸಬಹುದು; ಪ್ರವಚನದಲ್ಲಿ ಇದೇ ಸಿದ್ಧಿ. ಅತ್ತು ಹಗುರವಾದ ಮನಸ್ಸು ಮನೆಗೆ ಹೋಗಿ ಕಣಜವನ್ನು ತೆರೆಯುವುದಿಲ್ಲವೆಂಬುದನ್ನು ಬಾಸಿಲನು ಚೆನ್ನಾಗಿ ಬಲ್ಲನು.

ಆಮೇಲೆ ವಾದವು ತನ್ನ ಶಿಖರವನ್ನು ಮುಟ್ಟುತ್ತದೆ. ನನ್ನದನ್ನು ನಾನಿಟ್ಟುಕೊಂಡರೆ ಯಾರಿಗೆ ಅನ್ಯಾಯ ಎಂದು ಕೇಳುವ ಧನಿಕನಿಗೆ ಬಾಸಿಲನ ಉತ್ತರ: ನಾಟಕಶಾಲೆಗೆ ಮುಂಚೆ ಬಂದು ಕುಳಿತವನು, ಎಲ್ಲರಿಗೂ ಸಾಮಾನ್ಯವಾದ ಸ್ಥಳವನ್ನು ತನ್ನದೆಂದು ತಿಳಿದು ಹಿಂದೆ ಬಂದವರನ್ನು ತಡೆದಂತಾಯಿತು ನಿನ್ನ ರೀತಿ. ತೊಟ್ಟವನ ಬಟ್ಟೆಯನ್ನು ಕಿತ್ತವನನ್ನು ಕಳ್ಳನೆನ್ನುವುದಾದರೆ, ತೊಡಿಸಬಲ್ಲವನಾಗಿದ್ದೂ ಬತ್ತಲೆಯಿದ್ದವನಿಗೆ ತೊಡಿಸದವನಿಗೆ ಬೇರೆ ಯಾವ ಹೆಸರಿದೆ ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಮಿಕ್ಕಿದ ಅನ್ನ, ಬಟ್ಟೆ, ಪಾದರಕ್ಷೆ, ಹೂಳಿಟ್ಟ ಬೆಳ್ಳಿ ಇವೆಲ್ಲ ಅವುಗಳ ಕೊರತೆಯಿರುವವರಿಗೇ ಸೇರಿದವೆಂದು ಅವನು ನಿರ್ಣಯಿಸುತ್ತಾನೆ. ಇಲ್ಲಿಗೆ ದಾನವೆಂಬ ಪದವೇ ಅಸಾಧುವಾಗಿಬಿಡುತ್ತದೆ. ಏಕೆಂದರೆ ದಾನವೆಂದರೆ ಸ್ವಸ್ವತ್ವನಿವೃತ್ತಿಪೂರ್ವಕವಾಗಿ ಪರಸ್ವತ್ವವನ್ನುಂಟುಮಾಡುವುದು ಎಂದು ನಮ್ಮ ಶಾಸ್ತ್ರಕಾರರ ಲಕ್ಷಣ. ಸ್ವತ್ವವೇ ಇಲ್ಲದ ವಸ್ತುವಿನಲ್ಲಿ ದಾನವೆಲ್ಲಿಯದು? ಅದು ಪ್ರತ್ಯರ್ಪಣ ಮಾತ್ರ.

ಬಾಸಿಲನ ಮಾತು ಮಾತಿನಲ್ಲಿಯೇ ನಿಲ್ಲಲಿಲ್ಲ. ಅವನು ತನ್ನ ವಾಕ್ಕಿನಿಂದ ಧನಿಕರ ಕಣಜಗಳನ್ನು ತೆರೆಸಿ, ಹಸಿದವರನ್ನು ಒಂದೆಡೆ ಕೂಡಿಸಿ, ಬೇಳೆಯ ಸಾರಿನ ಹಂಡೆಗಳನ್ನಿಟ್ಟು ತಾನೇ ಬಡಿಸಿದನೆಂದು ಅವನ ಮಿತ್ರನಾದ ನಾಜಿಯಾನ್ಸಸ್ಸಿನ ಗ್ರೆಗೊರಿಯು ತನ್ನ ಚರಮಸ್ತುತಿಯಲ್ಲಿ ಹೇಳಿದ್ದಾನೆ. ಮುಂದೆ ಕೈಸರಿಯದ ಹೊರವಲಯದಲ್ಲಿ ರೋಗಿಗಳಿಗೂ ಪ್ರವಾಸಿಗಳಿಗೂ ವಿಶೇಷವಾಗಿ ಕುಷ್ಠರೋಗಿಗಳಿಗೂ ಅವನು ಕಟ್ಟಿಸಿದ ಆಶ್ರಯಸ್ಥಾನವು ‘ಬಾಸಿಲಿಯಾಸ್’ ಎಂದು ಹೆಸರಾಯಿತು; ಗ್ರೆಗೊರಿಯು ಅದನ್ನು ಹೊಸ ನಗರವೆಂದೇ ಕರೆಯುತ್ತಾನೆ. ಈ ಕಟ್ಟಡಗಳನ್ನು ಆಕ್ಷೇಪಿಸಿದವರಿಗೆ ಪ್ರತ್ಯುತ್ತರವಾಗಿ ಪ್ರಾಂತಾಧಿಪತಿಗೆ ಬಾಸಿಲನು ಬರೆದ ಪತ್ರವೂ ಉಳಿದಿದೆ.

೪

ಕ್ರಿಸೊಸ್ಟೊಮನ ಮಾರ್ಗ ಬೇರೆ. ಬಾಸಿಲನದು ಘನವಾದ ಬಂಧ, ಇವನದು ಪ್ರವಾಹ. ಲಾಜರನ ಕಥೆಯ ಮೇಲೆ ಅವನು ಮಾಡಿದ ಏಳು ಪ್ರವಚನಗಳು ದೊರೆತಿವೆ. ಮೊದಲನೆಯದು ೩೮೮ ಅಥವಾ ೩೮೯ರಲ್ಲಿ, ಅಂತಿಯೋಕ್ಯದ ಜನರು ಹೊಸವರುಷದ ಹಬ್ಬವನ್ನು ಕುಡಿತ ಕುಣಿತಗಳಲ್ಲಿ ಕಳೆದ ಮರುದಿನ ಮಾಡಿದ್ದು. ದಿನದಿನವೂ ಔತಣಮಾಡಿದ ಧನಿಕನ ಕಥೆಯನ್ನು ಹೇಳುವುದಕ್ಕೆ ಅದಕ್ಕಿಂತ ಉಚಿತವಾದ ದಿನವಿಲ್ಲ. ಕ್ಷೇಮೇಂದ್ರನು ಹೇಳುವ ಕಾಲೌಚಿತ್ಯಕ್ಕೆ ಇದು ನಿದರ್ಶನವಾಗಬಲ್ಲುದು.

ಆ ಪ್ರವಚನದಲ್ಲಿ ಲಾಜರನ ದುಃಖಗಳನ್ನು ಒಂದೊಂದಾಗಿ ಎಣಿಸುವ ಭಾಗ ಪ್ರಸಿದ್ಧವಾದದ್ದು. ದಾರಿದ್ರ್ಯವೊಂದು, ವ್ಯಾಧಿಯೊಂದು, ನೋಡುವವರಿಲ್ಲದಿರುವುದೊಂದು. ಇಷ್ಟು ಯಾರಿಗೂ ಹೊಳೆಯುವಂಥದು. ಆದರೆ ಕ್ರಿಸೊಸ್ಟೊಮನು ಮುಂದುವರಿಯುತ್ತಾನೆ. ಅರಣ್ಯದಲ್ಲಿ ಹೀಗೆ ಬಿದ್ದಿದ್ದರೆ ಇಷ್ಟು ನೋವಿರುತ್ತಿರಲಿಲ್ಲ. ಸಮೃದ್ಧಿಯ ಬಾಗಿಲಲ್ಲಿ, ಬಂದುಹೋಗುವವರ ಕಾಲಬಳಿಯಲ್ಲಿ ಬಿದ್ದಿರುವುದು ಅಧಿಕವಾದ ದುಃಖ. ತನ್ನಂತೆಯೇ ನರಳುವ ಇನ್ನೊಬ್ಬ ಲಾಜರನನ್ನು ಅವನು ಕಾಣನು. ನಮಗಾದರೆ ಅವನ ಕಥೆಯೇ ಸಮಾಧಾನ, ಅವನಿಗೆ ಅದೂ ಇರಲಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಹೀಗೆ ನರಳುವವನು ಪಾಪಿಷ್ಠನೇ ಇರಬೇಕೆಂದು ನೋಡುವವರು ನಿರ್ಣಯಿಸುತ್ತಿದ್ದರು. ಕಡೆಯ ಮಾತು ಕರ್ಮಸಿದ್ಧಾಂತದಲ್ಲಿ ಬೆಳೆದ ನಮ್ಮಂಥವರು ನಿಂತು ಯೋಚಿಸಬೇಕಾದುದು. ದುಃಖಿಯ ಮೇಲೆ ಅವನ ದುಃಖದ ಕಾರಣವನ್ನೂ ಹೊರಿಸುವುದು ಯಾವ ಸಿದ್ಧಾಂತದ ಹೆಸರಿನಲ್ಲಿಯೇ ಆಗಲಿ ಹೊಸತೊಂದು ಹುಣ್ಣನ್ನು ಸೇರಿಸಿದಂತೆ.

ಅವನ ಅಲಂಕಾರಗಳಲ್ಲಿ ಎರಡನ್ನು ವಿಚಾರಿಸೋಣ. ಮೊದಲನೆಯದು ರಂಗದ ರೂಪಕ. ನಾಟಕದಲ್ಲಿ ರಾಜನ ವೇಷ ಹಾಕಿದವನು ರಾಜನಲ್ಲ, ವೈದ್ಯನ ವೇಷದವನು ವೈದ್ಯನಲ್ಲ. ಸಂಜೆಯಾಗಿ ಪ್ರೇಕ್ಷಕರು ಹೊರಟುಹೋದಮೇಲೆ ಮುಖವಾಡಗಳು ಕಳಚುತ್ತವೆ. ಹಾಗೆಯೇ ಐಶ್ವರ್ಯ ದಾರಿದ್ರ್ಯಗಳು ಮುಖವಾಡಗಳು, ಮರಣವೇ ಸಂಜೆ. ನಾಟಕಶಾಲೆಯನ್ನು ಕಟುವಾಗಿ ನಿಂದಿಸಿದ ಈ ಉಪದೇಶಕನು ತನ್ನ ಅತ್ಯುತ್ತಮ ರೂಪಕವನ್ನು ಅಲ್ಲಿಂದಲೇ ತಂದದ್ದು ಸ್ವಾರಸ್ಯ. ಆದರೆ ಈ ರೂಪಕದಲ್ಲಿ ಒಂದು ಅಪಾಯವಿದೆ. ದಾರಿದ್ರ್ಯವು ವೇಷಮಾತ್ರವಾದರೆ ಹುಣ್ಣಿನ ನೋವೂ ವೇಷವೇ? ವೇಷವು ಸಂಜೆಗೆ ತಾನೇ ಕಳಚುವುದಾದರೆ ಈಗ ಕೈನೀಡುವ ಅಗತ್ಯವೇನು? ಮಾಯಾವಾದವನ್ನು ಲೋಕವ್ಯವಹಾರದಲ್ಲಿ ತಪ್ಪಾಗಿ ಬಳಸುವವರು ಹೇಳುವ ಮಾತೂ ಇದೇ. ಕ್ರಿಸೊಸ್ಟೊಮನು ಧನಿಕನ ಗರ್ವವನ್ನು ಇಳಿಸಲು ಈ ರೂಪಕವನ್ನು ಪ್ರಯೋಗಿಸಿದಾಗ ಅದು ಸಾರ್ಥಕ. ದರಿದ್ರನನ್ನು ಸಂತೈಸಲು ಪ್ರಯೋಗಿಸಿದಾಗ ದುರ್ಬಲ.

ಎರಡನೆಯದು ಬಂದರಿನ ಉಪಮೆ. ಬಂದರು ಒಡೆದ ಹಡಗಿನಿಂದ ಬಂದವರನ್ನೆಲ್ಲ ಒಳಗೊಳ್ಳುತ್ತದೆ. ಒಳ್ಳೆಯವನೋ ಕೆಟ್ಟವನೋ ಎಂದು ವಿಚಾರಿಸುವುದಿಲ್ಲ. ದಾರಿದ್ರ್ಯವೆಂಬ ಬಿರುಗಾಳಿಗೆ ಸಿಕ್ಕಿದವನಿಗೆ ನೀನು ಬಂದರಾಗು, ನ್ಯಾಯಾಧೀಶನಾಗಬೇಡ. ಈ ಉಪಮೆಯು ನಿರ್ದುಷ್ಟ. ಉಪಮಾನದ ಸ್ವಭಾವವೇ ಉಪದೇಶವನ್ನು ಹೇಳುತ್ತದೆ. ಬಂದರು ತಾನು ದೊಡ್ಡದನ್ನು ಮಾಡಿದೆನೆಂದು ಹೆಮ್ಮೆಪಡುವುದಿಲ್ಲವೆಂಬ ಧ್ವನಿಯೂ ಉಚಿತವಾಗಿ ಸೇರಿಬರುತ್ತದೆ.

ಕ್ರಿಸೊಸ್ಟೊಮನಲ್ಲಿ ಲೆಕ್ಕವೂ ಉಂಟು. ಮತ್ತಾಯನ ಸುವಾರ್ತೆಯ ಮೇಲಣ ಪ್ರವಚನಗಳಲ್ಲಿ ೬೬ನೆಯದರಲ್ಲಿ ಅವನು ಅಂತಿಯೋಕ್ಯದ ಜನರನ್ನು ವಿಭಾಗಿಸಿ, ಹತ್ತರಲ್ಲಿ ಒಂದು ಪಾಲು ಧನಿಕರು, ಹತ್ತರಲ್ಲಿ ಒಂದು ಪಾಲು ಏನೂ ಇಲ್ಲದವರು, ಉಳಿದವರು ಮಧ್ಯಮರು ಎನ್ನುತ್ತಾನೆ. ಸಾಧಾರಣ ವರಮಾನದ ಅಲ್ಲಿನ ಚರ್ಚು ದಿನವಹಿ ೩೦೦೦ ಮಂದಿ ವಿಧವೆಯರನ್ನೂ ಕನ್ಯಾವ್ರತಸ್ಥೆಯರನ್ನೂ ಪೋಷಿಸುತ್ತಿತ್ತೆಂದೂ ಹೇಳುತ್ತಾನೆ. ಒಂದು ಸಂಸ್ಥೆಗೆ ಇಷ್ಟು ಸಾಧ್ಯವಾದರೆ ನಗರಕ್ಕೆಲ್ಲ ಏಕೆ ಅಸಾಧ್ಯ ಎಂಬುದು ವಾದ. ಬಡತನವು ಅಪಾರವಾದ ಸಮುದ್ರ, ನನ್ನ ಹಿಡಿಯಕ್ಕಿಯಿಂದ ಏನಾದೀತು ಎಂಬ ನೆವವನ್ನು ಈ ಲೆಕ್ಕವು ಕಿತ್ತುಹಾಕುತ್ತದೆ. ಅದೇ ಗ್ರಂಥದ ೫೦ನೆಯ ಪ್ರವಚನದಲ್ಲಿ, ದೇವಾಲಯದೊಳಗೆ ಪಟ್ಟೆವಸ್ತ್ರಗಳಿಂದ ಕ್ರಿಸ್ತನನ್ನು ಗೌರವಿಸಿ ಹೊರಗೆ ಚಳಿಯಲ್ಲಿ ಬತ್ತಲೆಯಿರುವ ಅವನನ್ನೇ ಕಡೆಗಣಿಸುವವರನ್ನು ಅವನು ತರಾಟೆಗೆ ತೆಗೆದುಕೊಳ್ಳುತ್ತಾನೆ.

೫

ಇನ್ನು ಪಾತ್ರಾಪಾತ್ರವಿಚಾರ. ಭಗವದ್ಗೀತೆಯ ೧೭ನೆಯ ಅಧ್ಯಾಯವು ಸಾತ್ತ್ವಿಕದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ಅಂಗವಾಗಿ ಹೇಳಿದೆ. ಪ್ರತ್ಯುಪಕಾರದ ಅಪೇಕ್ಷೆಯಿಲ್ಲದಿರುವುದೂ ಲಕ್ಷಣವೇ. ಸ್ಮೃತಿನಿಬಂಧಗಳು ಪಾತ್ರಲಕ್ಷಣವನ್ನು ವಿಸ್ತಾರವಾಗಿ ನಿರೂಪಿಸುತ್ತವೆ. ಇದನ್ನು ಮಾತ್ರ ಓದಿದವರು, ಬಂದರಿನ ಉಪಮೆಯು ನಮ್ಮ ಶಾಸ್ತ್ರಕ್ಕೆ ನೇರವಿರುದ್ಧವೆಂದು ಹೇಳಿಬಿಡುವುದುಂಟು. ಅದು ಅವಿಚಾರಿತ. ಭೂದಾನ, ಗೋದಾನ, ಸುವರ್ಣದಾನಗಳಿಗೆ ಪಾತ್ರಪರೀಕ್ಷೆ. ಅನ್ನಕ್ಕೆ ಹಸಿವೆಯೇ ಪಾತ್ರತೆ ಎಂಬ ವ್ಯವಸ್ಥೆಯೂ ನಮ್ಮಲ್ಲಿ ಪ್ರಸಿದ್ಧವಾಗಿಯೇ ಇದೆ. ವೈಶ್ವದೇವದ ಕೊನೆಯಲ್ಲಿ ಪತಿತನಿಗೂ ಶ್ವಪಚನಿಗೂ ರೋಗಿಗೂ ನಾಯಿ ಕಾಗೆಗಳಿಗೂ ಅನ್ನವಿಡಬೇಕೆಂಬ ವಿಧಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಯೇ ಕ್ರೈಸ್ತಸಂಪ್ರದಾಯವೂ ಏಕಮುಖವಲ್ಲ. ‘ದಿದಖೇ’ ಎಂಬ ಅತಿಪ್ರಾಚೀನ ಬೋಧಗ್ರಂಥವು (ಇದು ೧೮೭೩ರಲ್ಲಿ ದೊರೆತು ೧೮೮೩ರಲ್ಲಿ ಪ್ರಕಟವಾಯಿತು) ಕೇಳಿದವರಿಗೆಲ್ಲ ಕೊಡೆಂದು ಹೇಳಿದ ಕೂಡಲೆ, ಯಾರಿಗೆ ಕೊಡುವೆಯೆಂಬುದು ತಿಳಿಯುವವರೆಗೆ ಭಿಕ್ಷೆಯು ಕೈಯಲ್ಲಿಯೇ ಬೆವರಲಿ ಎಂಬ ಅರ್ಥದ ಹಳೆಯ ನುಡಿಯನ್ನೂ ಸೇರಿಸಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ಚರ್ಚು ಪೋಷಿಸಬೇಕಾದ ವಿಧವೆಯರಿಗೆ ೬೦ ವರುಷದ ವಯೋನಿಯಮವನ್ನಿಟ್ಟಿದೆ. ಸ್ವತಃ ಬಾಸಿಲನು, ನಿಜವಾಗಿ ಕೊರತೆಯುಳ್ಳವನನ್ನು ಆಸೆಯಿಂದ ಕೇಳುವವನಿಂದ ಬೇರ್ಪಡಿಸಲು ಅನುಭವ ಬೇಕೆಂದೂ ಹಂಚುವ ಕೆಲಸವನ್ನು ಅದನ್ನು ಬಲ್ಲವರಿಗೆ ಬಿಡಬೇಕೆಂದೂ ಅಭಿಪ್ರಾಯಪಟ್ಟಿದ್ದಾನೆ. ನೂರಾರು ಜನರಿಗೆ ನಿತ್ಯವೂ ಅನ್ನವಿಕ್ಕುವ ಸಂಸ್ಥೆಯನ್ನು ನಡೆಸಿದವನ ಮಾತು ಇದು. ಬಾಗಿಲಲ್ಲಿ ಒಬ್ಬನೇ ನಿಂತ ಭಿಕ್ಷುಕನ ಎದುರಿನ ಮಾತಲ್ಲ. ಹೀಗೆ ವಿಷಯವಿಭಾಗ ಮಾಡಿದರೆ ಎರಡು ಪಕ್ಷಗಳೂ ನಿಲ್ಲುತ್ತವೆ: ಎದುರಿಗಿರುವ ಹಸಿವೆಗೆ ಪರೀಕ್ಷೆಯಿಲ್ಲ, ಸಾಮೂಹಿಕವಾದ ವಿನಿಯೋಗಕ್ಕೆ ವಿವೇಕ ಬೇಕು. ಪರೀಕ್ಷೆಯು ಕೊಡದಿರುವುದಕ್ಕೆ ನೆಪವಾಗಬಾರದು ಎಂಬುದೇ ಉಭಯರ ಹೃದಯ.

ಈ ಸೇವೆಯ ಬಲವನ್ನು ವಿರೋಧಿಗಳೂ ಕಂಡಿದ್ದರು. ಹಳೆಯ ದೇವತೆಗಳ ಪೂಜೆಯನ್ನು ಮರಳಿ ನಿಲ್ಲಿಸಲು ಯತ್ನಿಸಿದ ಜೂಲಿಯನ್ ಚಕ್ರವರ್ತಿಯು ೩೬೨ರಲ್ಲಿ ಒಬ್ಬ ಪೂಜಾರಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೋಷಿಸುತ್ತಿದ್ದಾರೆಂದು ನಾಚಿಕೆಪಟ್ಟಿದ್ದಾನೆ. ಶತ್ರುವಿನ ಸಾಕ್ಷ್ಯಕ್ಕಿಂತ ಬಲವಾದ ಪ್ರಮಾಣ ಯಾವುದು?

೬

ಈಗ ಆರಂಭದ ಪ್ರಶ್ನೆಗೆ ಬರುವೆವು. ಭರತಮುನಿಯು ವೀರರಸವನ್ನು ದಾನವೀರ, ಧರ್ಮವೀರ, ಯುದ್ಧವೀರ ಎಂದು ಮೂರಾಗಿ ವಿಭಾಗಿಸಿದನು; ಅನಂತರದವರು ದಯಾವೀರವನ್ನೂ ಹೇಳಿದರು. ನಮ್ಮ ದಾನವೀರರ ಕಥೆಗಳನ್ನು ನೆನೆಯಿರಿ. ಬಲಿಯ ಮುಂದೆ ನಿಂತ ವಟು ತ್ರಿವಿಕ್ರಮ. ಕರ್ಣನ ಕವಚವನ್ನು ಬೇಡಿದ ಬ್ರಾಹ್ಮಣ ಇಂದ್ರ. ಶಿಬಿಯ ಬಳಿಗೆ ಬಂದ ಗಿಡುಗ ಪಾರಿವಾಳಗಳು ಇಂದ್ರಾಗ್ನಿಗಳು. ರಂತಿದೇವನ ಅತಿಥಿಗಳೂ ಕಡೆಗೆ ದೇವತೆಗಳಾಗಿಯೇ ಪ್ರಕಟವಾಗುತ್ತಾರೆ. ಇಲ್ಲೆಲ್ಲ ಯಾಚಕನು ವಸ್ತುತಃ ದರಿದ್ರನಲ್ಲ. ಅವನು ಪರೀಕ್ಷಕ. ಪರೀಕ್ಷೆ ಮುಗಿದಾಗ ವೇಷ ಕಳಚುತ್ತದೆ, ದಾತೃವಿನ ಕೀರ್ತಿ ಉಳಿಯುತ್ತದೆ. ದಾನವೀರಕ್ಕೆ ಸ್ಥಾಯಿ ಉತ್ಸಾಹ. ಯಾಚಕನು ಅದಕ್ಕೆ ಆಲಂಬನಮಾತ್ರ. ಇದಕ್ಕೆ ಅಪವಾದವಾದುದು ನಾಗಾನಂದ. ಅಲ್ಲಿ ಶಂಖಚೂಡನೂ ಅವನ ವೃದ್ಧಮಾತೆಯೂ ನಿಜವಾಗಿ ಆರ್ತರು. ಆ ನಾಟಕದಲ್ಲಿಯೇ ಪ್ರಧಾನರಸವು ಶಾಂತವೋ ದಯಾವೀರವೋ ಎಂದು ಆಲಂಕಾರಿಕರಿಗೆ ವಿವಾದವುಂಟಾದುದು ಆಕಸ್ಮಿಕವಲ್ಲ. ನಿಜವಾದ ಆರ್ತನು ರಂಗಕ್ಕೆ ಬಂದೊಡನೆ ವೀರರಸದ ಚೌಕಟ್ಟು ಅಲುಗುತ್ತದೆ.

ಮತ್ತಾಯನ ೨೫ನೆಯ ಅಧ್ಯಾಯವು ಮೊದಲ ನೋಟಕ್ಕೆ ಬಲಿಕಥೆಯ ಜಾತಿಯದಾಗಿ ತೋರುತ್ತದೆ. ಅಲ್ಲಿಯೂ ಬೇಡುವವನೊಳಗೆ ದೇವರಿದ್ದಾನೆ. ತೂರಿನ ಮಾರ್ಟಿನನ ಚರಿತ್ರೆಯಲ್ಲಿ ಈ ಮಾದರಿ ಪೂರ್ಣವಾಗಿದೆ: ತನ್ನ ಮೇಲಂಗಿಯ ಅರ್ಧವನ್ನು ಕತ್ತರಿಸಿ ಭಿಕ್ಷುಕನಿಗೆ ಕೊಟ್ಟ ಸೈನಿಕನು ಆ ರಾತ್ರಿ ಕನಸಿನಲ್ಲಿ ಕ್ರಿಸ್ತನು ಅದನ್ನೇ ಹೊದ್ದಿರುವುದನ್ನು ಕಾಣುತ್ತಾನೆ. ಆದರೆ ಕಥೆಯು ಭಿಕ್ಷುಕನ ಗತಿಯೇನಾಯಿತೆಂದು ಹೇಳುವುದಿಲ್ಲ. ಮತ್ತಾಯನಲ್ಲಿರುವ ಭೇದ ಇಷ್ಟೇ, ಆದರೆ ಇದೇ ಸರ್ವಸ್ವ: ಅಲ್ಲಿ ದರಿದ್ರನು ಕಳಚಿ ಬೀಳುವ ವೇಷವಲ್ಲ. ಹಸಿದವನು ಹಸಿದವನಾಗಿಯೇ ಉಳಿದು ಕ್ರಿಸ್ತನ ಸಹೋದರನೆನಿಸುತ್ತಾನೆ. ಕ್ರಿಸೊಸ್ಟೊಮನ ೫೦ನೆಯ ಪ್ರವಚನವು ಈ ಸೂಕ್ಷ್ಮವನ್ನು ಹಿಡಿದಿದೆ. ಅವನ ದೃಷ್ಟಿ ದೇವಾಲಯದಿಂದ ಬೀದಿಗೆ ಹೋಗುತ್ತದೆಯೇ ಹೊರತು ಬೀದಿಯ ಭಿಕ್ಷುಕನನ್ನು ದೇವಾಲಯದ ಪ್ರತಿಮೆಯಾಗಿ ಮಾಡುವುದಿಲ್ಲ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಮೊದಲನೆಯ ದೋಷ, ಬಡ್ಡಿಯ ಉಪಮೆ. ಹದಿನಾಲ್ಕನೆಯ ಕೀರ್ತನೆಯ ಮೇಲಣ ಪ್ರವಚನದಲ್ಲಿ ಬಾಸಿಲನು ಬಡ್ಡಿವ್ಯಾಪಾರವನ್ನು ಉಗ್ರವಾಗಿ ಖಂಡಿಸಿ, ಕೊನೆಗೆ ಬಡವನಿಗೆ ಕೊಟ್ಟದ್ದು ದಾನವೂ ಹೌದು ಸಾಲವೂ ಹೌದು, ಬಡವನ ಪರವಾಗಿ ದೇವರೇ ಅಧಿಕವಾಗಿ ತೀರಿಸುವನು ಎಂದು ಸಮಾಪ್ತಿಗೊಳಿಸುತ್ತಾನೆ. ಚಮತ್ಕಾರವೇನೋ ಇದೆ, ಔಚಿತ್ಯವಿಲ್ಲ. ಲೋಭವನ್ನು ಕಿತ್ತುಹಾಕಲು ಹೊರಟವನು ಲೋಭಕ್ಕೆ ಉತ್ತಮವಾದ ಸಾಲಗಾರನನ್ನು ತೋರಿಸಿಕೊಟ್ಟಂತಾಯಿತು. ಕಣಜದ ಪ್ರವಚನದಲ್ಲಿ ಪ್ರತ್ಯರ್ಪಣವಾಗಿದ್ದುದು ಇಲ್ಲಿ ಬಂಡವಾಳವಾಯಿತು. ಪ್ರತ್ಯರ್ಪಣ ಮಾಡಿದವನಿಗೆ ಬಡ್ಡಿಯೆಲ್ಲಿಯದು?

ಎರಡನೆಯದು ಲಾಜರನ ಮೌನ. ಕ್ರಿಸೊಸ್ಟೊಮನು ಅದನ್ನು ಸಹನೆಯೆಂದು ಹೊಗಳಿ, ಗೊಣಗದೆ ಇದ್ದುದಕ್ಕಾಗಿಯೇ ಅವನಿಗೆ ಅಬ್ರಹಾಮನ ಎದೆ ದೊರೆಯಿತೆಂದು ಬಡವರಿಗೂ ಒಂದು ಉಪದೇಶ ಮಾಡುತ್ತಾನೆ. ಆದರೆ ಮೂಲದಲ್ಲಿ ಸಹನೆಯ ಮಾತೇ ಇಲ್ಲ. ಮೌನವು ಸಹನೆಯಾಗಿರಬಹುದು, ಮಾತನಾಡಲೂ ಶಕ್ತಿಯಿಲ್ಲದಿರುವುದಾಗಿರಬಹುದು, ಕೇಳುವವರಿಲ್ಲದೆ ನಿಂತ ಮಾತಾಗಿರಬಹುದು. ಧನಿಕನ ಅಪರಾಧವನ್ನು ಸ್ಥಾಪಿಸಲು ಕಥೆಯಲ್ಲಿ ಬಂದ ಮೌನವನ್ನು ದರಿದ್ರನಿಗೆ ವಿಧಿಯಾಗಿ ಮಾಡುವುದು ಅರ್ಥವಾದವನ್ನು ವಿಧಿಯಾಗಿ ಓದಿದಂಥ ತಪ್ಪು. ಮೀಮಾಂಸಕರು ಇದನ್ನು ಒಪ್ಪಲಾರರು. ಮೂರನೆಯದು ದಾಸ್ಯವಿಚಾರ. ಮಗನನ್ನು ಮಾರುವ ತಂದೆಗಾಗಿ ಮರುಗಿದ ಬಾಸಿಲನು ಮಾರಾಟವನ್ನು ಸಾಧ್ಯಗೊಳಿಸುವ ಪದ್ಧತಿಯನ್ನೇ ಅಷ್ಟು ಸ್ಪಷ್ಟವಾಗಿ ಪ್ರಶ್ನಿಸಲಿಲ್ಲ. ಅವನ ತಮ್ಮನಾದ ನಿಸ್ಸದ ಗ್ರೆಗೊರಿಯು ಪ್ರಸಂಗಿ ಗ್ರಂಥದ ಮೇಲಣ ತನ್ನ ೪ನೆಯ ಪ್ರವಚನದಲ್ಲಿ, ದೇವರ ಪ್ರತಿರೂಪವಾದ ಮನುಷ್ಯನಿಗೆ ಬೆಲೆ ಕಟ್ಟುವವರಾರು ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದನು. ಅಣ್ಣನ ಕರುಣೆಗೆ ತಮ್ಮನ ತರ್ಕವು ಸೇರಿದಾಗ ಮಾತ್ರ ವಾದವು ಪೂರ್ಣವಾಗುತ್ತದೆ.

೭

ಉಪದೇಶವನ್ನು ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತವೆಂದು ನಮ್ಮ ಆಲಂಕಾರಿಕರು ವಿಭಾಗಿಸಿರುವುದು ಅಧ್ಯಾಪಕರಿಗೆಲ್ಲ ಪರಿಚಿತ. ಪ್ರವಚನವು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರದು. ಆಜ್ಞೆಯ ಬಲ ಅದಕ್ಕೆ ಬೈಬಲಿನಿಂದ ಬರುತ್ತದೆ; ಯುಕ್ತಿಯು ಮಿತ್ರನದು; ದೃಷ್ಟಾಂತ ಉಪಮೆಗಳ ಸರಸತೆ ಕಾವ್ಯದ್ದು. ಆದರೆ ಕಾವ್ಯವು ಆನಂದದಲ್ಲಿ ಮುಗಿದರೆ ಇದು ಕಾರ್ಯದಲ್ಲಿ ಮುಗಿಯಬೇಕು. ಅದರ ಫಲವನ್ನು ಅಳೆಯುವ ಸ್ಥಳ ಸಭೆಯಲ್ಲ. ಸಭೆಯಿಂದ ಮನೆಗೆ ಹೋಗುವ ದಾರಿ. ಬಾಸಿಲನು ಕರುಣವನ್ನು ಅರ್ಧದಲ್ಲಿ ಮುರಿದುದು, ಕ್ರಿಸೊಸ್ಟೊಮನು ಶ್ರೋತೃಗಳ ಚಪ್ಪಾಳೆಯನ್ನು ಕಂಡು ಅಸಮಾಧಾನಪಟ್ಟುದು, ಎರಡೂ ಈ ಕಾರಣದಿಂದ.

ನಮ್ಮ ಸಿದ್ಧಾಂತವನ್ನು ಸಂಗ್ರಹವಾಗಿ ಹೇಳುವುದಾದರೆ: ಈ ಪ್ರವಚನಗಳು ದಾನವೀರದ ಕೃತಿಗಳಲ್ಲ, ದಾನವೀರದ ನಿರಾಕರಣೆಯೇ ಇವುಗಳ ಹಿರಿಮೆ. ಕೊಡುವವನಿಂದ ನಾಯಕತ್ವವನ್ನು ಕಿತ್ತುಕೊಂಡು ಅವನನ್ನು ಋಣಸ್ಥನ ಸ್ಥಾನದಲ್ಲಿ ನಿಲ್ಲಿಸಿದಾಗ ಇವು ಉನ್ನತವಾಗುತ್ತವೆ. ಪುಣ್ಯದ ಲಾಭವನ್ನು ಮುಂದೊಡ್ಡಿ ಆ ನಾಯಕತ್ವವನ್ನು ಹಿಂಬಾಗಿಲಿನಿಂದ ಮರಳಿ ಕೊಟ್ಟಾಗ ಇಳಿಯುತ್ತವೆ. ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಬಲಿ ಕರ್ಣ ರಂತಿದೇವರ ಕಥೆಗಳನ್ನು ಬೋಧಿಸುವ ಅಧ್ಯಾಪಕರು ಈ ಮಾನದಂಡವನ್ನು ಅಲ್ಲಿಯೂ ಪ್ರಯೋಗಿಸಿ ನೋಡಬಹುದು. ಕಥೆ ಮುಗಿದಮೇಲೆ ವಿದ್ಯಾರ್ಥಿಗೆ ಯಾರ ಮುಖ ನೆನಪಿನಲ್ಲಿ ಉಳಿಯಿತು, ಕೊಟ್ಟವನದೋ ಬೇಡಿದವನದೋ? ಆ ಒಂದು ಪ್ರಶ್ನೆಯಿಂದ ಕೃತಿಯ ಪ್ರಾಣವು ಎಲ್ಲಿದೆಯೆಂಬುದು ತಿಳಿದುಬರುತ್ತದೆ. ವಿಷಯವು ವಿಶಾಲವಾದದ್ದು; ಇಲ್ಲಿ ತೋರಿಸಿರುವುದು ದಿಗ್ದರ್ಶನಮಾತ್ರ. ಇದರ ಸಾಧುತ್ವಾಸಾಧುತ್ವಗಳಿಗೆ ಸಹೃದಯರಾದ ವಿದ್ವಾಂಸರೇ ಪ್ರಮಾಣ.